ಕೆರೆ, ಕ್ವಾರಿಗಳ ಆಳ ಬಲ್ಲವರಾರು?

ಮೈಸೂರು: ಮಾಘ ಮುಗಿದು ಫಾಲ್ಗುಣ ಕಾಲಿಡುವ ದಿನಗಳಲ್ಲಿ ಮೈಸೂರು ಸೀಮೆಯ ಕೆರೆ, ಹಿನ್ನೀರು ಮತ್ತು ಕ್ವಾರಿ ಹೊಂಡಗಳು ವರ್ಷದಲ್ಲೇ ಹೆಚ್ಚು ಪ್ರಶಾಂತವಾಗಿ ಕಾಣುತ್ತವೆ. ಮುಂಗಾರಿನ ಕೆಂಪು ನೀರು ತಿಳಿಯಾಗಿರುತ್ತದೆ. ಸೆಳವು ತಗ್ಗಿರುತ್ತದೆ. ಬಿಸಿಲು ಏರತೊಡಗಿದ್ದರೂ ನೀರಿನ್ನೂ ತಂಪಾಗಿರುತ್ತದೆ. ಹೋಳಿ ಹುಣ್ಣಿಮೆಯ ಬಣ್ಣ ತೊಳೆಯಲೋ, ಪರೀಕ್ಷೆ ಮುಗಿದ ಸಂತೋಷಕ್ಕೋ ಯುವಕರು ನೀರಿಗಿಳಿಯುವ ಕಾಲವೂ ಇದೇ. ಇದರ ಬೆನ್ನಿಗೇ ಪತ್ರಿಕೆಗಳಲ್ಲಿ ಒಂದು ಪರಿಚಿತ ವಾಕ್ಯ ಮರುಕಳಿಸುತ್ತದೆ: ಅಗ್ನಿಶಾಮಕ ಸಿಬ್ಬಂದಿ ಮತ್ತು ನುರಿತ ಈಜುಗಾರರು ಶವಕ್ಕಾಗಿ ಶೋಧ ನಡೆಸಿದರು.

ಈ ವಾಕ್ಯದಲ್ಲಿ ಬರುವ 'ನುರಿತ ಈಜುಗಾರರು' ಯಾರು, ಅವರು ಯಾವ ಬಗೆಯ ನೀರಿಗೆ ಇಳಿಯುತ್ತಾರೆ, ಯಾವ ಸಲಕರಣೆಯೊಂದಿಗೆ ಇಳಿಯುತ್ತಾರೆ ಎಂಬ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ಸ್ಕೂಬಾ ಡೈವಿಂಗ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕಡಲು, ಹವಳ ಮತ್ತು ಬಣ್ಣದ ಮೀನು. ಆದರೆ ಕರ್ನಾಟಕದ ಒಳನಾಡಿನಲ್ಲಿ ನೀರಿನಾಳಕ್ಕೆ ಇಳಿಯುವ ಕೆಲಸ ಬಹುಮಟ್ಟಿಗೆ ಮುಳುಗಿದವರನ್ನು ಹುಡುಕುವ ಕೆಲಸವೇ ಆಗಿದೆ. ಆದ್ದರಿಂದ ವಸಂತದ ಆರಂಭದಲ್ಲಿ ನಮ್ಮ ಸಿಹಿನೀರಿನ ಒಳಗೆ ಏನು ನಡೆಯುತ್ತದೆ ಎಂದು ತಿಳಿಯುವುದು ಹವ್ಯಾಸಿಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಸಾರ್ವಜನಿಕ ಸುರಕ್ಷತೆಯೂ ಅದನ್ನೇ ಅವಲಂಬಿಸಿದೆ.

ಕಡಲಿನಲ್ಲಿ ಒಂದು ಶಿಸ್ತು, ಕೆರೆಯಲ್ಲಿ?

ರಾಜ್ಯದಲ್ಲಿ ಸ್ಕೂಬಾ ಡೈವಿಂಗಿಗೆ ಹೆಸರಾದ ತಾಣ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರಕ್ಕೆ ಎದುರಾಗಿ, ಅರಬ್ಬಿ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪ. ಮಳೆಗಾಲದಲ್ಲಿ ಅಲ್ಲಿ ಮುಳುಗುವಿಕೆ ನಿಲ್ಲುತ್ತದೆ. ಕಡಲು ಶಾಂತವಾದ ಮೇಲೆ ಮತ್ತೆ ಆರಂಭವಾಗಿ ಬೇಸಿಗೆಯವರೆಗೂ ನಡೆಯುತ್ತದೆ. ಮೊದಲ ಬಾರಿಗೆ ಬರುವ ಪ್ರವಾಸಿಗನನ್ನು ತರಬೇತುದಾರನೊಬ್ಬ ಕೈಹಿಡಿದೇ ಒಳಗೆ ಕರೆದೊಯ್ಯುತ್ತಾನೆ. ಆರೋಗ್ಯದ ಬಗ್ಗೆ ವಿಚಾರಿಸಲಾಗುತ್ತದೆ. ಗಾಳಿಯ ಸಿಲಿಂಡರು, ಉಸಿರಾಟದ ಕೊಳವೆ, ತೇಲುವ ಜಾಕೆಟ್ಟು ಇವೆಲ್ಲ ಇರುತ್ತವೆ. ಅಲೆ ಎದ್ದ ದಿನ ದೋಣಿ ಹೊರಡುವುದಿಲ್ಲ.

ಒಳನಾಡಿಗೆ ಬಂದರೆ ಚಿತ್ರವೇ ಬೇರೆ. ಮೈಸೂರಿನ ಕಾರಂಜಿ ಕೆರೆಯಲ್ಲಿ ದೋಣಿ ವಿಹಾರವಿದೆ. ತಿ. ನರಸೀಪುರ ರಸ್ತೆಯ ವರುಣಾ ಕೆರೆಯಲ್ಲಿ ಜಲಕ್ರೀಡೆಗಳು ನಡೆದಿವೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸರ್ಕಾರಿ ಸಂಸ್ಥೆ ರಾಜ್ಯದಲ್ಲಿ ಜಲಸಾಹಸದ ತರಬೇತಿ ನೀಡುತ್ತ ಬಂದಿದೆ. ಇವೆಲ್ಲವೂ ಹೆಚ್ಚಾಗಿ ನೀರಿನ ಮೇಲಿನ ಚಟುವಟಿಕೆಗಳು. ನೀರಿನ ಒಳಗನ್ನು ಕುರಿತ ಅರಿವು, ಅಂದರೆ ಯಾವ ಕೆರೆ ಎಷ್ಟು ಆಳ, ಯಾವ ತಿಂಗಳಲ್ಲಿ ಎಷ್ಟು ದೂರ ಕಾಣುತ್ತದೆ, ತಳದಲ್ಲಿ ಹೂಳಿದೆಯೋ ಬಂಡೆಯಿದೆಯೋ ಎಂಬ ತಿಳಿವಳಿಕೆ, ಸ್ಥಳೀಯ ಮೀನುಗಾರರ ಮತ್ತು ಈಜುಗಾರರ ನೆನಪಿನಲ್ಲಿದೆ. ಅಪಘಾತದ ದಿನ ಜಿಲ್ಲಾಡಳಿತ ನೆಚ್ಚಿಕೊಳ್ಳುವುದೂ ಆ ನೆನಪನ್ನೇ.

ಮಾಘ-ಫಾಲ್ಗುಣದ ನೀರು

ಶೀತದೇಶಗಳಲ್ಲಿ ವಸಂತವೆಂದರೆ ಸರೋವರದ ಹಿಮ ಕರಗುವ ಕಾಲ. ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಅತ್ಯಂತ ಸಾಂದ್ರವಾಗಿರುವುದರಿಂದ, ಕರಗಿದ ಮೇಲ್ಪದರ ಬೆಚ್ಚಗಾಗುತ್ತ ಕೆಳಗಿಳಿದು ಇಡೀ ಸರೋವರ ಒಮ್ಮೆ ಕದಡಿ ಸಮನಾಗುತ್ತದೆ. ಪಾಚಿ ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ನೀರು ತಿಳಿಯಾಗಿರುತ್ತದೆ. ಅಲ್ಲಿನ ಮುಳುಗುಗಾರರು ಮರಗಟ್ಟಿಸುವ ಚಳಿಯನ್ನೂ ಲೆಕ್ಕಿಸದೆ ಈ ಋತುವಿಗಾಗಿ ಕಾಯುತ್ತಾರೆ.

ನಮ್ಮಲ್ಲಿ ಹಾಗಲ್ಲ. ಮೈಸೂರು ಭಾಗದಲ್ಲಿ ನೀರು ಮೇಲಿಂದ ಕೆಳಗೆ ಬೆರೆಯುವುದು ಡಿಸೆಂಬರ್-ಜನವರಿಯ ಚಳಿರಾತ್ರಿಗಳಲ್ಲಿ. ಮೇಲ್ಪದರ ತಣಿದು ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಫೆಬ್ರುವರಿಯಲ್ಲಿ ಹಗಲಿನ ಉಷ್ಣಾಂಶ 30 ಡಿಗ್ರಿ ದಾಟತೊಡಗಿದಂತೆ ಈ ಬೆರೆಯುವಿಕೆ ನಿಲ್ಲುತ್ತದೆ. ಬಿಸಿಯಾದ ಮೇಲ್ಪದರ ಹಗುರವಾಗಿ ತೇಲುತ್ತದೆ. ತಂಪಾದ ನೀರು ತಳದಲ್ಲೇ ಉಳಿಯುತ್ತದೆ. ಎರಡರ ನಡುವೆ ಒಂದು ಗಡಿ ಏರ್ಪಡುತ್ತದೆ. ನೀರು ಬೆಚ್ಚಗಿದ್ದಷ್ಟೂ ಒಂದೊಂದು ಡಿಗ್ರಿಯ ವ್ಯತ್ಯಾಸಕ್ಕೆ ಅದರ ಸಾಂದ್ರತೆ ಹೆಚ್ಚು ಬದಲಾಗುತ್ತದೆ. ಹೀಗಾಗಿ ಉಷ್ಣವಲಯದ ಆಳವಾದ ನೀರಿನಲ್ಲಿ ಕೆಲವೇ ಡಿಗ್ರಿಗಳ ಅಂತರವೂ ಈ ಪದರಗಳನ್ನು ಬೇರೆಬೇರೆಯಾಗಿ ಹಿಡಿದಿಡಬಲ್ಲದು.

ಇದರ ಪರಿಣಾಮ ಎರಡು ಬಗೆಯದು. ಮೊದಲನೆಯದು, ನೀರಿಗೆ ಹಾರಿದವನಿಗೆ ಮೇಲ್ಭಾಗ ಹಿತವಾಗಿ ತೋರಿ, ಕೆಲವೇ ಮೀಟರ್ ಕೆಳಗೆ ಥಟ್ಟನೆ ತಣ್ಣನೆಯ ನೀರು ಎದುರಾಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಇಪ್ಪತ್ತೈದು ಡಿಗ್ರಿ ಆಸುಪಾಸಿನ ನೀರಿನಲ್ಲಿ ಕೂಡ, ಬರಿಮೈಯಲ್ಲಿ ಗಂಟೆಗಟ್ಟಲೆ ಶೋಧಿಸುವ ಈಜುಗಾರನ ಕೈಬೆರಳುಗಳು ಸೋಲುತ್ತವೆ. ಎರಡನೆಯದು, ತಳದ ಪದರಕ್ಕೆ ಹೊಸ ಆಮ್ಲಜನಕ ಸೇರದೆ ಅಲ್ಲಿ ಕೊಳೆತ ಎಲೆ, ಹೂಳು, ತ್ಯಾಜ್ಯ ಹಾಗೆಯೇ ಉಳಿಯುತ್ತವೆ. ಅದನ್ನು ಕಾಲಿನಿಂದ ಕದಡಿದರೆ ಕ್ಷಣಮಾತ್ರದಲ್ಲಿ ಕತ್ತಲೆ ಆವರಿಸುತ್ತದೆ. ಹೂಳು ಮತ್ತೆ ತಳ ಸೇರಲು ಗಂಟೆಗಳೇ ಬೇಕಾಗುತ್ತವೆ.

ನಗರದೊಳಗಿನ ಕೆರೆಗಳ ಕತೆ ಇನ್ನೊಂದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1864ರಲ್ಲಿ ನಿರ್ಮಾಣವಾದ ಕುಕ್ಕರಹಳ್ಳಿ ಕೆರೆಯಾಗಲಿ, ಅವರ ಕಾಲದ್ದೇ ಆದ ಲಿಂಗಾಂಬುಧಿಯಾಗಲಿ ಆಳಕ್ಕಿಂತ ವಿಸ್ತಾರಕ್ಕೆ ಹೆಸರಾದವು. ಇಂಥ ಕೆರೆಗಳ ನೀರನ್ನು ಗಾಳಿಯೇ ಕಲಸಿಬಿಡುತ್ತದೆ. ಕೊಳಚೆ ಮತ್ತು ಗೊಬ್ಬರದ ಅಂಶ ಹರಿದು ಬಂದಲ್ಲಿ ಬಿಸಿಲೇರಿದಂತೆ ಪಾಚಿಯೂ ಹೆಚ್ಚುತ್ತದೆ. ನೀರಿನ ತಿಳಿಯನ್ನು ಅಳೆಯಲು ಕಪ್ಪು-ಬಿಳುಪು ಬಳಿದ ತಟ್ಟೆಯೊಂದನ್ನು ಹಗ್ಗ ಕಟ್ಟಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಗುರುತಿಸುವುದು ಹಳೆಯ ವಿಧಾನ. ಪಾಚಿಗಟ್ಟಿದ ಕೆರೆಯಲ್ಲಿ ಆ ತಟ್ಟೆ ಒಂದು ಮೀಟರಿನೊಳಗೇ ಮರೆಯಾಗುವುದು ಅಪರೂಪವೇನಲ್ಲ. ಇಂಥ ನೀರಿನಲ್ಲಿ ಇಲಿಜ್ವರ, ಕಿವಿಯ ಸೋಂಕು ಮತ್ತು ಚರ್ಮವ್ಯಾಧಿಗಳ ಅಪಾಯವೂ ಇರುತ್ತದೆ. ಈ ಕೆರೆಗಳು ಹಕ್ಕಿಗಳ ಆಸರೆಯೂ ಹೌದು. ಅಲ್ಲಿ ಮನರಂಜನೆಯ ಮುಳುಗುವಿಕೆಯ ಪ್ರಶ್ನೆಯೇ ಏಳಬಾರದು.

ಇನ್ನು ಹಿನ್ನೀರು. 124.80 ಅಡಿ ಗರಿಷ್ಠ ಮಟ್ಟದ ಕೃಷ್ಣರಾಜಸಾಗರದಲ್ಲಿ ಜನವರಿಯ ನಂತರ ನೀರು ಹಿಂದೆ ಸರಿಯುತ್ತ ಹೋಗುತ್ತದೆ. ಮೀಟರುಗಟ್ಟಲೆ ಹೂಳಿನ ದಡ ಬಯಲಾಗುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ಮೊಣಕಾಲು ಹೂತುಹೋಗುವ ನೆಲವದು. ಕಬಿನಿ ಹಿನ್ನೀರಿನಲ್ಲಿ ಮುಳುಗಡೆಯಾದ ಕಾಡಿನ ಒಣಮರಗಳು ಬೇಸಿಗೆಯಲ್ಲಿ ತಲೆ ಎತ್ತುತ್ತವೆ. ತಲೆ ಎತ್ತದವು ನೀರಿನೊಳಗೇ ಇವೆ. ಅವುಗಳಿಗೆ ಸಿಕ್ಕಿಕೊಂಡ ಹಳೆಯ ಮೀನುಬಲೆಗಳು ಮುಳುಗುಗಾರನ ಪಾಲಿಗೆ ದೊಡ್ಡ ಗಂಡಾಂತರ. ಕಣ್ಣಿಗೆ ಕಾಣದ ನೈಲಾನ್ ಬಲೆಯಲ್ಲಿ ಸಿಲುಕಿದವನು ಜೇಬಿನಲ್ಲಿ ಚಾಕು ಇಲ್ಲದಿದ್ದರೆ ಹೊರಬರುವುದು ಕಷ್ಟ.

ಕ್ವಾರಿ ಹೊಂಡಗಳ ಬೇರೆ ಲೆಕ್ಕ

ಮೈಸೂರು, ಮಂಡ್ಯ, ಚಾಮರಾಜನಗರ ಈ ಮೂರೂ ಜಿಲ್ಲೆಗಳ ನೆಲ ಗಟ್ಟಿಕಲ್ಲಿನದು. ಕಟ್ಟಡಕ್ಕೆ, ರಸ್ತೆಗೆ, ಅಲಂಕಾರಕ್ಕೆ ದಶಕಗಳಿಂದ ಇಲ್ಲಿ ಕಲ್ಲು ತೆಗೆಯಲಾಗಿದೆ. ಕಲ್ಲು ಮುಗಿದಾಗ, ಗುತ್ತಿಗೆ ತೀರಿದಾಗ ಅಥವಾ ನ್ಯಾಯಾಲಯ ತಡೆದಾಗ ಕೆಲಸ ನಿಲ್ಲುತ್ತದೆ. ಹೊಂಡ ಉಳಿಯುತ್ತದೆ. ನೀರು ಎತ್ತುವ ಪಂಪು ನಿಂತ ಮೇಲೆ ಮಳೆನೀರೂ ಒಸರುವ ಅಂತರ್ಜಲವೂ ಸೇರಿ ಅದು ತುಂಬುತ್ತದೆ. ಕೃಷ್ಣರಾಜಸಾಗರ ಅಣೆಕಟ್ಟೆಯ ಸುರಕ್ಷತೆಯ ದೃಷ್ಟಿಯಿಂದ ಅದರ ಸುತ್ತಲಿನ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ಹೈಕೋರ್ಟು 2024ರ ಜನವರಿಯಲ್ಲಿ ತಡೆ ನೀಡಿದಾಗ, ಚರ್ಚೆ ನಡೆದದ್ದು ಸ್ಫೋಟದ ಕಂಪನದ ಬಗ್ಗೆ. ಬೇಬಿಬೆಟ್ಟದಂಥ ಕಡೆಗಳಲ್ಲಿ ಆಗಲೇ ತೋಡಿರುವ ಹೊಂಡಗಳ ಗತಿಯೇನು ಎಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಕೆರೆಗೂ ಕ್ವಾರಿಗೂ ಇರುವ ಮುಖ್ಯ ವ್ಯತ್ಯಾಸ ದಡದ್ದು. ಕೆರೆ ಇಳಿಜಾರಾಗಿ ಆಳವಾಗುತ್ತ ಹೋಗುತ್ತದೆ. ಕ್ವಾರಿಗೆ ಇಳಿಜಾರಿಲ್ಲ. ಅಂಚಿನಿಂದ ಒಂದು ಹೆಜ್ಜೆ ತಪ್ಪಿದರೆ ಹತ್ತಾರು ಅಡಿ ನೀರು. ನೇರವಾಗಿ ಕತ್ತರಿಸಿದ ಬಂಡೆಯ ಗೋಡೆಯಲ್ಲಿ ಕೈಗೆ ಆಸರೆ ಸಿಗದು, ಈಜು ಬಲ್ಲವನಿಗೂ ಹತ್ತಿ ಬರಲು ಜಾಗವಿರದು. ಮಣ್ಣು ಕಡಿಮೆಯಿರುವುದರಿಂದ ಫೆಬ್ರುವರಿ-ಮಾರ್ಚಿನಲ್ಲಿ ಕ್ವಾರಿಯ ನೀರು ಹಸಿರು-ನೀಲಿಯಾಗಿ ಹೊಳೆಯುತ್ತದೆ. ತಿಳಿನೀರಿನಲ್ಲಿ ಬೆಳಕು ಬಾಗುವುದರಿಂದ ತಳ ಇರುವುದಕ್ಕಿಂತ ಹತ್ತಿರದಲ್ಲಿ ಇದ್ದಂತೆ ತೋರುತ್ತದೆ. ನಾಲ್ಕು ಮೀಟರ್ ಆಳ ಮೇಲಿನಿಂದ ನೋಡುವವನಿಗೆ ಮೂರೇ ಮೀಟರಿನಂತೆ ಕಾಣುತ್ತದೆ. ಸುತ್ತಲಿನ ಗೋಡೆಗಳು ಗಾಳಿಯನ್ನೂ ಬಿಸಿಲನ್ನೂ ತಡೆಯುವುದರಿಂದ ಮೇಲೆ ಹೇಳಿದ ತಂಪು ಪದರ ಇಲ್ಲಿ ಇನ್ನಷ್ಟು ಸ್ಪಷ್ಟವಾಗಿರುತ್ತದೆ. ತಳದಲ್ಲಿ ಬಿಟ್ಟುಹೋದ ಕಬ್ಬಿಣದ ಹಗ್ಗ, ಸರಳು ಮತ್ತು ಚೂಪಾದ ಕಲ್ಲುಗಳಿರುತ್ತವೆ. ಜನವಸತಿಗೆ ಹತ್ತಿರವಾದ ಕಡೆ ಕಸವೂ ಅದೇ ಹೊಂಡ ಸೇರುತ್ತದೆ.

ಹಾಗೆಂದು ಕ್ವಾರಿಯಲ್ಲಿ ಮುಳುಗುವುದೇ ಅಸಾಧ್ಯವೆಂದಲ್ಲ. ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿರುವ ಸ್ಟೋನಿ ಕೋವ್ ಒಂದು ಕಾಲಕ್ಕೆ ಗ್ರಾನೈಟ್ ಕ್ವಾರಿಯಾಗಿತ್ತು. ಇಂದು ಅದು ಆ ದೇಶದ ಹೆಸರಾಂತ ಮುಳುಗು ತರಬೇತಿ ಕೇಂದ್ರ. ಕಲ್ಲು ತೆಗೆಯುವಾಗ ಉಳಿದ ಮೆಟ್ಟಿಲುಗಳೇ ಅಲ್ಲಿ ಹಂತಹಂತವಾದ ಆಳಗಳಾಗಿವೆ. ಹೊಸಬರು ಮೇಲಿನ ಮೆಟ್ಟಿಲಿನಲ್ಲಿ ಕಲಿಯುತ್ತಾರೆ, ಪಳಗಿದವರು ಸುಮಾರು 35 ಮೀಟರಿನ ತಳಕ್ಕೆ ಇಳಿಯುತ್ತಾರೆ. ಅಲ್ಲಿ ಆಳ ಅಳೆಯಲಾಗಿದೆ, ಇಳಿಯುವ-ಏರುವ ದಾರಿ ಗುರುತಾಗಿದೆ, ಉಸ್ತುವಾರಿಗೆ ಜನರಿದ್ದಾರೆ. ನಮ್ಮ ಕ್ವಾರಿಗಳಿಗೂ ಅದಕ್ಕೂ ಇರುವ ಅಂತರ ಇಷ್ಟರಲ್ಲೇ ಇದೆ.

ಕಾನೂನಿನ ಮಾತು ಇಲ್ಲಿ ಅಪ್ರಸ್ತುತವಲ್ಲ. 1952ರ ಗಣಿ ಕಾಯ್ದೆ ಕಟ್ಟಡಕಲ್ಲಿನ ಸಣ್ಣ ತೆರೆದ ಕ್ವಾರಿಗಳಿಗೆ ಹೆಚ್ಚಿನ ವಿನಾಯಿತಿ ನೀಡುತ್ತದೆ. ಆದರೆ ಆ ವಿನಾಯಿತಿ ದೊರೆಯುವುದು ಆಳ ಆರು ಮೀಟರ್ ಮೀರದಿದ್ದರೆ, ಕೆಲಸಗಾರರು 50 ಮೀರದಿದ್ದರೆ ಮತ್ತು ಸ್ಫೋಟಕ ಬಳಸದಿದ್ದರೆ ಮಾತ್ರ. ಅಂದರೆ ಸಿಡಿಮದ್ದು ಇಟ್ಟು ಆಳಕ್ಕೆ ತೋಡಿದ ಕ್ವಾರಿ ಕಾಯ್ದೆಯ ಸುರಕ್ಷತಾ ವ್ಯವಸ್ಥೆಯ ಒಳಗೇ ಬರುತ್ತದೆ. ಕೆಲಸ ನಡೆಯುವಷ್ಟು ದಿನ ಹೊಣೆಗಾರ ಯಾರೆಂಬುದು ಸ್ಪಷ್ಟ. ಗುತ್ತಿಗೆದಾರ ಗಂಟುಮೂಟೆ ಕಟ್ಟಿದ ಮೇಲೆ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಕಂದಾಯ ಇಲಾಖೆ, ಗ್ರಾಮ ಪಂಚಾಯಿತಿ ಇವುಗಳ ನಡುವೆ ಹೊಂಡ ಅನಾಥವಾಗುತ್ತದೆ.

ಎತ್ತರದ ನೀರು, ಹಗುರ ಗಾಳಿ

ಒಳನಾಡಿನ ಸ್ಕೂಬಾ ಮುಳುಗುವಿಕೆಗೆ ಇನ್ನೊಂದು ತೊಡಕಿದೆ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುಭಾರ ಸಮುದ್ರತೀರಕ್ಕಿಂತ ಶೇ 8ರಿಂದ 9ರಷ್ಟು ಕಡಿಮೆ. ಮುಳುಗುಗಾರ ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂಬುದಕ್ಕೆ ಸಿದ್ಧಪಡಿಸಿದ ಸಾಮಾನ್ಯ ಕೋಷ್ಟಕಗಳು ಸಮುದ್ರಮಟ್ಟವನ್ನು ಆಧರಿಸಿವೆ. 300 ಮೀಟರಿಗಿಂತ ಎತ್ತರದ ಜಲಾಶಯಗಳಲ್ಲಿ ಅವನ್ನು ಹಾಗೆಯೇ ಬಳಸಕೂಡದೆಂದು ತರಬೇತಿ ಸಂಸ್ಥೆಗಳೇ ಹೇಳುತ್ತವೆ.

ಕಾರಣ ಸರಳ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗುತ್ತದೆ. ಮೇಲೆ ಬರುವಾಗ ಒತ್ತಡ ಇಳಿದಂತೆ ಅದು ನಿಧಾನವಾಗಿ ಹೊರಹೋಗಬೇಕು. ಒತ್ತಡ ಬೇಗನೆ ಇಳಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏಳುವಂತೆ ಗುಳ್ಳೆಗಳು ಏಳುತ್ತವೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಇದರಿಂದ ತೊಂದರೆಯಾಗಬಹುದು. ಎತ್ತರದ ಊರಿನಲ್ಲಿ ಮೇಲೆ ಕಾದಿರುವ ಗಾಳಿಯೇ ಹಗುರವಾದ್ದರಿಂದ ಒತ್ತಡದ ಇಳಿತ ಹೆಚ್ಚು. ಈ ಲೆಕ್ಕದಂತೆ ಮೈಸೂರಿನ ಸುತ್ತಲಿನ ಹೊಂಡವೊಂದರಲ್ಲಿ 18 ಮೀಟರ್ ಇಳಿದವನು ಸಮುದ್ರದಲ್ಲಿ 19ರಿಂದ 20 ಮೀಟರ್ ಇಳಿದವನಿಗೆ ಸಮ. ಅವನು ನೀರಿನಲ್ಲಿ ಇರಬಹುದಾದ ಅವಧಿಯೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಸಿಹಿನೀರು ಕಡಲನೀರಿಗಿಂತ ಸುಮಾರು ಶೇ 2.5ರಷ್ಟು ಹಗುರ. ಸಲಕರಣೆ ಸೇರಿ 100 ಕಿಲೋ ತೂಗುವ ಮುಳುಗುಗಾರ ಕಡಲಿನಲ್ಲಿ ಸೊಂಟಕ್ಕೆ ಕಟ್ಟುತ್ತಿದ್ದ ಸೀಸದಲ್ಲಿ ಎರಡೂವರೆ ಕಿಲೋದಷ್ಟು ಇಲ್ಲಿ ಕಳಚಬೇಕು. ಕಳಚದಿದ್ದರೆ ಅವನು ನೇರ ತಳಕ್ಕಿಳಿದು ಹೂಳಿನಲ್ಲಿ ಕೂರುತ್ತಾನೆ. ಕರಾವಳಿಯಲ್ಲಿ ಪಳಗಿದವರನ್ನು ಒಳನಾಡಿನ ಶೋಧಕ್ಕೆ ಕರೆಸಿದಾಗ ಇಂಥ ಸಣ್ಣ ಲೆಕ್ಕಗಳೇ ಮುಖ್ಯವಾಗುತ್ತವೆ.

ಇದೇ ತರ್ಕ ಕಡಲಿನಿಂದ ಊರಿಗೆ ಮರಳುವ ಹವ್ಯಾಸಿಗಳಿಗೂ ಅನ್ವಯಿಸುತ್ತದೆ. ಮುಳುಗಿದ ನಂತರ ವಿಮಾನ ಹತ್ತಬಾರದೆಂಬ ಎಚ್ಚರಿಕೆ ಬಹುತೇಕರಿಗೆ ಗೊತ್ತು. ಒಂದೇ ಬಾರಿ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಬಾರಿ ಅಥವಾ ಹಲವು ದಿನ ಮುಳುಗಿದ್ದರೆ 18 ಗಂಟೆ ಕಾಯುವುದು ರೂಢಿಯಲ್ಲಿರುವ ಸಲಹೆ. ಇದು ಅನ್ವಯವಾಗುವುದು ಸುಮಾರು 600 ಮೀಟರಿಗಿಂತ ಮೇಲಿನ ಎತ್ತರಕ್ಕೆ. ಮೈಸೂರು ಇರುವುದೇ ಅದಕ್ಕಿಂತ ಮೇಲೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತುವವರು ತಿಳಿಯದೆಯೇ ಈ ಮಿತಿಯನ್ನು ದಾಟುತ್ತಾರೆ. ಮಡಿಕೇರಿ ಮಾರ್ಗವಾಗಿ ಬಂದರೆ 1,100 ಮೀಟರಿಗೂ ಹೆಚ್ಚು ಎತ್ತರ ಹಾಯಬೇಕು. ಒಂದು ರಾತ್ರಿ ಕರಾವಳಿಯಲ್ಲೇ ತಂಗಿ ಹೊರಡುವುದು ವಿವೇಕ.

ನಿಜವಾಗಿ ಮುಳುಗುವವರು

ಇಷ್ಟೆಲ್ಲ ಲೆಕ್ಕಾಚಾರ ತರಬೇತಿ ಪಡೆದವರ ಮಾತಾಯಿತು. ನಮ್ಮ ಕೆರೆ, ಕ್ವಾರಿ, ನಾಲೆಗಳಿಗೆ ಇಳಿಯುವವರಲ್ಲಿ ಹೆಚ್ಚಿನವರ ಬಳಿ ಸಿಲಿಂಡರೇ ಇರುವುದಿಲ್ಲ. ಹರಿಗೋಲು, ಹಗ್ಗ ಮತ್ತು ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ, ಶತಮಾನಗಳ ಈ ಸಲಕರಣೆಗಳೇ ಇಂದಿಗೂ ಹಲವೆಡೆ ಶೋಧದ ಮೊದಲ ಆಸರೆ. ಉಳಿದದ್ದು ಈಜುಗಾರನ ಉಸಿರು. ಮೀನುಗಾರರು, ಅಂಬಿಗರು, ನದಿದಡದಲ್ಲೇ ಬೆಳೆದ ಯುವಕರು ಪೊಲೀಸರ ಕರೆಗೆ ಓಗೊಟ್ಟು ಬರುತ್ತಾರೆ. ಉಸಿರು ಬಿಗಿಹಿಡಿದು ಮತ್ತೆ ಮತ್ತೆ ಮುಳುಗುತ್ತಾರೆ. ಮುಳುಗುವ ಮುನ್ನ ಬಿರುಸಾಗಿ ಹಲವು ಸಲ ಉಸಿರೆಳೆದುಕೊಂಡರೆ ಹೆಚ್ಚು ಹೊತ್ತು ಒಳಗಿರಬಹುದು ಎಂಬ ನಂಬಿಕೆ ವ್ಯಾಪಕವಾಗಿದೆ. ಹಾಗೆ ಮಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗಿ, ಉಸಿರಾಡಬೇಕೆಂಬ ಒತ್ತಡ ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಮ್ಲಜನಕ ಮುಗಿದು, ಮೇಲೇರುವಾಗಲೇ ಪ್ರಜ್ಞೆ ತಪ್ಪುತ್ತದೆ. ಈಜು ಬಲ್ಲವರೂ ಹೀಗೆ ಸಾಯುತ್ತಾರೆ.

ಕಳೆದ ದಶಕದ ಮೂರು ಘಟನೆಗಳು ಈ ಕೊರತೆಯನ್ನು ಎತ್ತಿ ತೋರಿವೆ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರೀಕರಣದ ವೇಳೆ ನಟರಾದ ಅನಿಲ್ ಮತ್ತು ಉದಯ್ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿ ಮುಳುಗಿದರು. ಜೀವರಕ್ಷಕ ಜಾಕೆಟ್ ಇರಲಿಲ್ಲ. ಕ್ಯಾಮೆರಾಗಳು ಸಿದ್ಧವಾಗಿದ್ದ ಜಾಗದಲ್ಲಿ ರಕ್ಷಣಾ ವ್ಯವಸ್ಥೆ ಸಿದ್ಧವಾಗಿರಲಿಲ್ಲ. ದೇಹಗಳನ್ನು ಹೊರತೆಗೆಯಲು ದಿನಗಳೇ ಹಿಡಿದವು. ಅಲೆಯಿಲ್ಲದ ಜಲಾಶಯವೊಂದು ಎಷ್ಟು ಅಪಾಯಕಾರಿ ಎಂಬುದನ್ನು ಇಡೀ ರಾಜ್ಯ ದೂರದರ್ಶನದ ಪರದೆಯ ಮೇಲೆ ಕಂಡಿತು.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಮೊದಲು ನೀರಿಗೆ ಧುಮುಕಿದವರು ಸುತ್ತಲಿನ ಹೊಲಗಳ ರೈತರು. ಮೃತರಲ್ಲಿ ಶಾಲಾ ಮಕ್ಕಳೂ ಇದ್ದರು. ಮುಳುಗಿದ ವಾಹನದಿಂದ ಜನರನ್ನು ಜೀವಂತ ಹೊರತೆಗೆಯಲು ಸಿಗುವುದು ಕೆಲವೇ ನಿಮಿಷ. ಜಿಲ್ಲಾ ಕೇಂದ್ರದಿಂದ ಬರುವ ತಂಡ ಎಷ್ಟೇ ಚುರುಕಾಗಿದ್ದರೂ ಆ ನಿಮಿಷಗಳಲ್ಲಿ ತಲುಪುವುದು ಕಷ್ಟ. ಅದೇ ನಾಲೆಗೆ ನಂತರದ ವರ್ಷಗಳಲ್ಲೂ ಕಾರುಗಳು ಉರುಳಿ ಜೀವಹಾನಿಯಾಗಿದೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಪಾಲಾದ ಲಾರಿಗಾಗಿ ನೌಕಾಪಡೆಯ ಮುಳುಗು ತಜ್ಞರೂ ಬಂದರು, ಮಲ್ಪೆಯ ಈಶ್ವರ್ ಅವರಂಥ ಸ್ಥಳೀಯ ಸಾಹಸಿಗಳೂ ಬಂದರು. ಮಳೆಗಾಲದ ಸೆಳವು ಮತ್ತು ಕೆಸರಿನ ಎದುರು ಇಬ್ಬರೂ ಕೈಕಟ್ಟಿ ನಿಲ್ಲಬೇಕಾಯಿತು. ಗೋವೆಯಿಂದ ಹೂಳೆತ್ತುವ ಯಂತ್ರ ತರಿಸಿದ ಮೇಲೆ ಸೆಪ್ಟೆಂಬರ್ 25ರಂದು ಲಾರಿಯೂ, ಅದರೊಳಗೆ ಚಾಲಕ ಅರ್ಜುನ್ ಅವರ ದೇಹವೂ ಸಿಕ್ಕವು. ಅತ್ಯುತ್ತಮ ತರಬೇತಿ ಪಡೆದವರಿಗೂ ಕೆಲವು ಋತುಗಳಲ್ಲಿ ಕೆಲವು ನೀರು ಒಲಿಯದು ಎಂಬುದಕ್ಕೆ ಶಿರೂರು ಸಾಕ್ಷಿ. ಸ್ವಂತ ಖರ್ಚಿನಲ್ಲಿ, ಸ್ವಂತ ಹೊಣೆಯಲ್ಲಿ ನೀರಿಗಿಳಿಯುವ ಖಾಸಗಿ ವ್ಯಕ್ತಿಗಳ ಮೇಲೆ ಆಡಳಿತ ಎಷ್ಟು ಅವಲಂಬಿತವಾಗಿದೆ ಎಂಬುದನ್ನೂ ಅದು ತೋರಿಸಿತು.

ಕಂಡು ಮುಳುಗುವುದಕ್ಕೂ ಕಾಣದೆ ಮುಳುಗುವುದಕ್ಕೂ ಅಜಗಜಾಂತರವಿದೆ. ಕತ್ತಲ ನೀರಿನಲ್ಲಿ ಶೋಧಿಸುವವನು ಕೈಯಿಂದ ತಡವಿಯೇ ಎಲ್ಲವನ್ನೂ ತಿಳಿಯಬೇಕು. ದಡದಲ್ಲಿ ಹಗ್ಗ ಹಿಡಿದು ನಿಂತವನೊಂದಿಗೆ ಎಳೆತಗಳ ಮೂಲಕವೇ ಮಾತಾಡಬೇಕು. ಒಬ್ಬ ಒಳಗಿದ್ದರೆ ಇನ್ನೊಬ್ಬ ಪೂರ್ಣ ಸಜ್ಜಾಗಿ ದಡದಲ್ಲಿ ಕಾದಿರಬೇಕು. ಇದು ಜಗತ್ತಿನೆಲ್ಲೆಡೆ ಒಪ್ಪಿತವಾದ ಕನಿಷ್ಠ ಕ್ರಮ. ಮೂವರು ಬೇಕಾದ ಕಡೆ ಒಬ್ಬನನ್ನು ಇಳಿಸಿದರೆ, ಒಂದು ಸಾವಿನ ಶೋಧ ಎರಡನೆಯ ಸಾವಿಗೆ ಹಾದಿಯಾಗಬಹುದು.

ಈ ಎರಡು ತಿಂಗಳಲ್ಲಿ ಏನಾಗಬಹುದು?

ಭಾರತದಲ್ಲಿ ನೀರಿಗೆ ಬಿದ್ದು ಸಾಯುವವರ ಸಂಖ್ಯೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಂತೆ ಇತ್ತೀಚಿನ ವರ್ಷಗಳಲ್ಲಿ 35 ಸಾವಿರವನ್ನು ಮೀರಿದೆ. ವಿಶ್ವಸಂಸ್ಥೆ 2021ರಿಂದ ಜುಲೈ 25ನ್ನು ಮುಳುಗು ಸಾವು ತಡೆಯ ದಿನವಾಗಿ ಗುರುತಿಸಿದೆ. ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಈ ಕುರಿತು ಒಂದು ಕಾರ್ಯನೀತಿಯ ಚೌಕಟ್ಟನ್ನೂ ಪ್ರಕಟಿಸಿತು. ಕಾಗದದ ಮೇಲಿನ ನೀತಿ ಕೆರೆಯ ದಡ ತಲುಪಬೇಕಾದರೆ ಜಿಲ್ಲಾ ಮಟ್ಟದಲ್ಲಿ ಕೆಲಸವಾಗಬೇಕು. ಅದಕ್ಕೆ ಫೆಬ್ರುವರಿ-ಮಾರ್ಚ್ ಪ್ರಶಸ್ತ ಕಾಲ.

ಏಕೆಂದರೆ ನದಿಯ ಸೆಳವು ತಗ್ಗಿರುವ, ಕ್ವಾರಿಯ ನೀರು ತಿಳಿಯಾಗಿರುವ, ನಾಲೆಗಳಲ್ಲಿ ಕಟ್ಟು ಪದ್ಧತಿಯಂತೆ ನೀರು ನಿಲ್ಲಿಸಿದ ದಿನಗಳು ಸಿಗುವ ಅವಧಿ ಇದು. ಖಾಲಿ ನಾಲೆಯಲ್ಲಿ ಎಲ್ಲೆಲ್ಲಿ ತಡೆಗೋಡೆ ಕುಸಿದಿದೆ, ಬಿದ್ದವನು ಹತ್ತಿಬರಲು ಎಲ್ಲಿ ಮೆಟ್ಟಿಲಿಲ್ಲ ಎಂಬುದು ಬರಿಗಣ್ಣಿಗೆ ಕಾಣುತ್ತದೆ. ನೀರು ತಗ್ಗಿದ ಕೆರೆ, ಹೊಂಡಗಳ ಆಳವನ್ನು ದೋಣಿಯಲ್ಲಿ ಕುಳಿತು ಹಗ್ಗದಿಂದಲೋ ಪ್ರತಿಧ್ವನಿ ಯಂತ್ರದಿಂದಲೋ ಅಳೆಯಬಹುದು. ಇದಕ್ಕೆ ದೊಡ್ಡ ವೆಚ್ಚವೇನೂ ಬೇಡ. ಮೈಸೂರು ಜಿಲ್ಲೆಯೊಂದರಲ್ಲೇ ಪ್ರತಿ ಗ್ರಾಮ ಪಂಚಾಯಿತಿ ತನ್ನ ವ್ಯಾಪ್ತಿಯ ನೀರು ತುಂಬಿದ ಕ್ವಾರಿಗಳ ಪಟ್ಟಿ, ಆಳ, ಇಳಿಯಬಹುದಾದ ಜಾಗ, ಹತ್ತಿರದ ರಸ್ತೆ ಇಷ್ಟನ್ನು ಬರೆದಿಟ್ಟರೆ, ಅಪಘಾತದ ದಿನ ರಕ್ಷಣಾ ತಂಡ ಕತ್ತಲಲ್ಲಿ ತಡಕಾಡಬೇಕಿಲ್ಲ. ಬೇಲಿ ಮತ್ತು ಎಚ್ಚರಿಕೆ ಫಲಕ ಎಲ್ಲಿ ಮೊದಲು ಬೇಕೆಂಬುದೂ ಆ ಪಟ್ಟಿಯಿಂದಲೇ ತಿಳಿಯುತ್ತದೆ.

ತರಬೇತಿಗೂ ಇದೇ ಸಮಯ. ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಸಿಬ್ಬಂದಿಯ ಜೊತೆಗೆ ಸ್ಥಳೀಯ ಈಜುಗಾರರನ್ನೂ ಸೇರಿಸಿ, ಆಳ ಅಳೆದು ಸ್ವಚ್ಛಗೊಳಿಸಿದ ಒಂದು ಕ್ವಾರಿಯಲ್ಲಿ ಮೊದಲು ತಿಳಿನೀರಿನಲ್ಲಿ, ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಅಭ್ಯಾಸ ಮಾಡಿಸಬಹುದು. ಎತ್ತರದ ಲೆಕ್ಕ, ಸಿಹಿನೀರಿನ ತೂಕ, ಹಗ್ಗದ ಸಂಕೇತ, ಬಲೆ ಕತ್ತರಿಸುವ ಚಾಕು ಇವು ಅಲ್ಲಿ ಕಲಿಯಬೇಕಾದ ಪಾಠಗಳು. ಮಳೆಗಾಲದ ಮಧ್ಯದಲ್ಲಿ ಇವನ್ನು ಕಲಿಸಲು ಸಾಧ್ಯವಿಲ್ಲ, ಆಗ ಕೇವಲ ಪರೀಕ್ಷೆ ನಡೆಯುತ್ತದೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಪೊಲೀಸರ ಕರೆಗೆ ಬಂದು ಕೊಳೆತ ದೇಹವನ್ನು ತೋಳಿನಲ್ಲಿ ಹೊತ್ತು ತರುವ ಈಜುಗಾರನಿಗೆ ಹಲವೆಡೆ ಸಿಗುವುದು ಒಂದು ಊಟ, ಮೃತರ ಮನೆಯವರು ಕೈಗಿತ್ತಷ್ಟು ಹಣ, ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಸಾಲು. ಆತನ ಹೆಸರು ಠಾಣೆಯ ದಾಖಲೆಯಲ್ಲಿರಬೇಕು. ವಿಮೆ, ಲಸಿಕೆ ಮತ್ತು ನಿಗದಿತ ಗೌರವಧನ ಅವನ ಹಕ್ಕಾಗಬೇಕು. ಇಳಿಯಲಾರೆ ಎಂದು ಹೇಳುವ ಅಧಿಕಾರವೂ ಅವನಿಗಿರಬೇಕು. ದಡದಲ್ಲಿ ನಿಂತ ಜನರ ಒತ್ತಡಕ್ಕೆ, ಜನಪ್ರತಿನಿಧಿಗಳ ಅವಸರಕ್ಕೆ ಮಣಿದು ಸಂಜೆಗತ್ತಲಲ್ಲಿ ನೀರಿಗಿಳಿಯುವ ಪದ್ಧತಿ ನಿಲ್ಲಬೇಕು. ಜೀವ ಉಳಿಸುವ ಕೆಲವು ನಿಮಿಷಗಳು ಕಳೆದ ಮೇಲೆ ನಡೆಯುವುದು ದೇಹದ ಶೋಧ, ಅದಕ್ಕೆ ಬೆಳಗಿನವರೆಗೆ ಕಾಯಲು ಸಾಧ್ಯ.

ಸಿಹಿನೀರಿನ ಸ್ಕೂಬಾ ಪ್ರವಾಸೋದ್ಯಮ ಮೈಸೂರಿಗೆ ಬಂದೀತೇ ಎಂಬುದು ಮುಂದಿನ ಮಾತು. ಆಳ ಗೊತ್ತಿಲ್ಲದ, ಹೊಣೆಗಾರರಿಲ್ಲದ ಹೊಂಡಗಳಿಗೆ ಪ್ರವಾಸಿಗರನ್ನು ಕರೆಯುವ ಮುನ್ನ, ಈಗಾಗಲೇ ಅಲ್ಲಿಗೆ ಇಳಿಯುತ್ತಿರುವವರ ಜೀವಕ್ಕೆ ಬೆಲೆ ಕಟ್ಟಬೇಕಾಗಿದೆ. ಯುಗಾದಿಯ ನಂತರ ಬಿಸಿಲು ಬಲಿಯುತ್ತದೆ, ಶಾಲೆಗಳಿಗೆ ರಜೆ ಬರುತ್ತದೆ, ಕೆರೆ-ಕ್ವಾರಿಗಳ ಅಂಚಿನಲ್ಲಿ ಮಕ್ಕಳ ಬಟ್ಟೆ-ಚಪ್ಪಲಿಗಳು ಕಾಣಿಸತೊಡಗುತ್ತವೆ. ಅದಕ್ಕೆ ಮೊದಲು ಜಿಲ್ಲಾಡಳಿತದ ಕೈಯಲ್ಲಿ ಉಳಿದಿರುವುದು ಕೆಲವೇ ವಾರಗಳು.